ವಿಷದ ನೆಲೆಯನ್ನು ಅರಸಿದ ವಿಜ್ಞಾನಿ

ದಕ್ಷಿಣ ಅಮೆರಿಕದ ಕಾಡುಗಳ ಬೇಟೆಗಾರರು ಬಾಣದ ಮೊನೆಗೆ ಕ್ಯುರಾರಿ ಎಂಬ ವಿಷವನ್ನು ಸವರುತ್ತಿದ್ದರು. ಆ ಬಾಣ ತಗುಲಿದ ಪ್ರಾಣಿಯು ಕೂಗದೆ, ಒದ್ದಾಡದೆ, ನಿದ್ರೆಹೋದಂತೆ ಕುಸಿದು ಸಾಯುತ್ತಿತ್ತು. ಅದು ನೋವಿಲ್ಲದ ಸಾವೆಂದೇ ಜನ ನಂಬಿದ್ದರು. ಈ ವಿಷವು ದೇಹದ ಯಾವ ನೆಲೆಯಲ್ಲಿ ತನ್ನ ಕೆಲಸ ಮಾಡುತ್ತದೆ ಎಂಬುದನ್ನು ಪ್ರಯೋಗದಿಂದ ಅರಸಿದವನು ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್.

ಬರ್ನಾರ್ಡ್ 1813ರಲ್ಲಿ ಸೇಂಟ್ ಜೂಲಿಯನ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅವನ ತಂದೆ ದ್ರಾಕ್ಷಿತೋಟದ ಬೇಸಾಯಗಾರ. ಬಡತನದ ಕಾರಣ ತರುಣನು ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿ ಕೆಟ್ಟುಹೋದ, ಉಳಿದುಬಳಿದ ಮದ್ದುಗಳನ್ನೆಲ್ಲ ಬೆರೆಸಿ ಸರ್ವರೋಗಕ್ಕೂ ಒಂದೇ ಔಷಧವೆಂದು ಮಾರುವುದನ್ನು ಕಂಡನು. ಮದ್ದು ದೇಹದೊಳಗೆ ಏನು ಮಾಡುತ್ತದೆಂದು ಕೊಡುವವರಿಗೂ ತಿಳಿಯದು, ಕೊಳ್ಳುವವರಿಗೂ ತಿಳಿಯದು! ನಾಟಕಕಾರನಾಗುವ ಆಸೆಯಿಂದ ಪ್ಯಾರಿಸ್ಸಿಗೆ ಹೋದ ಅವನಿಗೆ, ನಾಟಕವನ್ನು ಓದಿದ ವಿಮರ್ಶಕನೊಬ್ಬನು ವೈದ್ಯಕೀಯವನ್ನು ಕಲಿಯುವಂತೆ ಬುದ್ಧಿ ಹೇಳಿದನು. ಬರ್ನಾರ್ಡ್ ಆ ಮಾತನ್ನು ಮನ್ನಿಸಿದನು. ಮುಂದೆ ಪ್ರಸಿದ್ಧ ವಿಜ್ಞಾನಿ ಮಜೆಂಡಿಯ ಪ್ರಯೋಗಶಾಲೆಯಲ್ಲಿ ಸಹಾಯಕನಾದನು.

ಕ್ಯುರಾರಿಯ ರಹಸ್ಯವನ್ನು ಅವನು ಕಪ್ಪೆಯ ಮೇಲಿನ ಪ್ರಯೋಗದಿಂದ ಬಿಡಿಸಿದನು. ಕಪ್ಪೆಯ ಒಂದು ಹಿಂಗಾಲಿಗೆ ರಕ್ತ ಹರಿಯದಂತೆ ಕಟ್ಟಿ, ಅದರ ನರವನ್ನು ಮಾತ್ರ ಹಾಗೆಯೇ ಬಿಟ್ಟನು. ಅನಂತರ ಬೆನ್ನಿನ ಚರ್ಮದಡಿಗೆ ವಿಷವನ್ನು ಸೇರಿಸಿದನು. ಕಟ್ಟಿದ ಕಾಲೊಂದನ್ನುಳಿದು ದೇಹವೆಲ್ಲ ನಿಶ್ಚಲವಾಯಿತು. ಆದರೆ ನಿಶ್ಚಲವಾದ ಭಾಗವನ್ನು ಚಿವುಟಿದಾಗ, ವಿಷ ತಲುಪದ ಆ ಕಾಲು ಮಿಡುಕಿತು! ಎಂದರೆ ಸ್ಪರ್ಶದ ಅರಿವು ಅಳಿದಿರಲಿಲ್ಲ. ವಿಷವೇರಿದ ಸ್ನಾಯುವಿಗೆ ನೇರವಾಗಿ ವಿದ್ಯುತ್ತನ್ನು ಮುಟ್ಟಿಸಿದರೆ ಅದೂ ಸಂಕೋಚಗೊಳ್ಳುತ್ತಿತ್ತು. ನರದ ಅಪ್ಪಣೆ ಮಾತ್ರ ಸ್ನಾಯುವನ್ನು ಮುಟ್ಟುತ್ತಿರಲಿಲ್ಲ. ಉಸಿರಾಟದ ಸ್ನಾಯುಗಳೂ ಹೀಗೆಯೇ ನಿಂತು ಪ್ರಾಣಿ ಸಾಯುತ್ತಿತ್ತು. ಕಾರ್ಬನ್ ಮಾನಾಕ್ಸೈಡ್ ಅನಿಲವು ರಕ್ತದ ಕೆಂಪುಕಣಗಳಲ್ಲಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸಿ ಕೊಲ್ಲುತ್ತದೆಂಬುದನ್ನೂ ಅವನು ತೋರಿಸಿದನು. ಪ್ರತಿಯೊಂದು ವಿಷಕ್ಕೂ ದೇಹದಲ್ಲಿ ತನ್ನದೇ ಆದ ನೆಲೆಯಿದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಈ ಅರಿವಿನೊಡನೆ ಕಠೋರವಾದ ಸತ್ಯವೊಂದೂ ಬಂದಿತು. ಕ್ಯುರಾರಿಯ ಸಾವು ಶಾಂತವಾದುದಲ್ಲ. ಪ್ರಾಣಿಯು ಎಲ್ಲವನ್ನೂ ಅನುಭವಿಸುತ್ತಲೇ ಅಲುಗಾಡಲಾರದೆ ಬಿದ್ದಿರುತ್ತದೆ. ಇದನ್ನು ಲೋಕಕ್ಕೆ ತಿಳಿಸಿದವನು ಬರ್ನಾರ್ಡನೇ. ಆದರೂ ಅವನು ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಬಿಡಲಿಲ್ಲ. ರೋಗಿಗಳ ಹಿತಕ್ಕೆ ಅವು ಅನಿವಾರ್ಯವೆಂದು ಅವನು ನಂಬಿದ್ದನು. ಅವನ ಪತ್ನಿಗೆ ಇದು ಸಹಿಸದಾಯಿತು. ಕೊನೆಗೆ ಆಕೆ ಗಂಡನಿಂದ ಬೇರ್ಪಟ್ಟಳು; ಹೆಣ್ಣುಮಕ್ಕಳೂ ತಾಯಿಯ ಪಕ್ಷವನ್ನೇ ವಹಿಸಿದರು. ಕೀರ್ತಿಶಾಲಿಯಾದ ವಿಜ್ಞಾನಿಯ ಮನೆ ಬರಿದಾಯಿತು.

ಯಕೃತ್ತು ಸಕ್ಕರೆಯನ್ನು ತಯಾರಿಸಿ ನೇರವಾಗಿ ರಕ್ತಕ್ಕೆ ಬಿಡುತ್ತದೆ ಎಂಬುದು ಅವನ ಮತ್ತೊಂದು ಮಹತ್ತಾದ ಶೋಧ. ಇದನ್ನು ಅವನು 1855ರಲ್ಲಿ ಆಂತರಿಕ ಸ್ರಾವವೆಂದು ಕರೆದನು. ಹಾರ್ಮೋನುಗಳ ಅಧ್ಯಯನಕ್ಕೆ ಈ ಕಲ್ಪನೆ ದಾರಿಯಾಯಿತು. 1878ರಲ್ಲಿ ಅವನು ತೀರಿಕೊಂಡಾಗ ಫ್ರಾನ್ಸ್ ಸರ್ಕಾರವೇ ಅಂತ್ಯಕ್ರಿಯೆಯನ್ನು ನೆರವೇರಿಸಿತು.

ಬರ್ನಾರ್ಡನು ಎತ್ತಿದ ಪ್ರಶ್ನೆ ಅವನೊಡನೆ ಮುಗಿಯಲಿಲ್ಲ. 1905ರಲ್ಲಿ ಇಂಗ್ಲೆಂಡಿನ ಲ್ಯಾಂಗ್ಲಿ ಎಂಬ ವಿಜ್ಞಾನಿಯು ನಿಕೋಟಿನ್ ಮತ್ತು ಕ್ಯುರಾರಿಗಳನ್ನು ಪರೀಕ್ಷಿಸಿ, ಇಂಥ ವಸ್ತುಗಳನ್ನು ಬರಮಾಡಿಕೊಳ್ಳುವ ಅಂಶವೊಂದು ಸ್ನಾಯುವಿನಲ್ಲೇ ಇರಬೇಕೆಂದು ತರ್ಕಿಸಿದನು. ಅದನ್ನೇ ನಾವೀಗ ಗ್ರಾಹಕವೆನ್ನುತ್ತೇವೆ. ಬೀಗಕ್ಕೆ ಕೀಲಿಕೈ ಹೊಂದುವಂತೆ ಹಾರ್ಮೋನುಗಳೂ ತಮ್ಮ ತಮ್ಮ ಗ್ರಾಹಕಗಳಿಗೆ ಹೊಂದಿಕೊಂಡೇ ಕೆಲಸ ಮಾಡುತ್ತವೆ. ಕೆಲವು ವಿಷವಸ್ತುಗಳು ಆ ಬೀಗಕ್ಕೆ ಕಳ್ಳ ಕೀಲಿಕೈಯಾಗುತ್ತವೆ. 1942ರಲ್ಲಿ ಕೆನಡಾದ ವೈದ್ಯರು ಶಸ್ತ್ರಚಿಕಿತ್ಸೆಯ ಸಮಯದಲ್ಲಿ, ಅರಿವಳಿಕೆಯೊಡನೆ ಕ್ಯುರಾರಿಯನ್ನು ಬಳಸಿ ರೋಗಿಯ ಸ್ನಾಯುಗಳನ್ನು ಸಡಿಲಗೊಳಿಸಿದರು. ನೆಲೆಯನ್ನು ಅರಿತಾಗ ವಿಷವೂ ಔಷಧವಾಯಿತು. ಆ ಅರಿವಿಗೆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಮಾತ್ರ ನಾವು ಮರೆಯಲಾಗದು.