ಪರರ ಕಾಮಗಾರಿ ಪರೀಕ್ಷಿಸಿದ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯ ಎಂದೊಡನೆ ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಬೇರೆಯವರ ಕಾಮಗಾರಿ ತಪಾಸಣೆಗೂ ಸರಕಾರಗಳು ಅವರನ್ನು ಕರೆಯುತ್ತಿದ್ದವು.

1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿ 1908ರಲ್ಲಿ ನಿವೃತ್ತರಾದರು. ಮುಂದೆ ಮೈಸೂರಿನ ಮುಖ್ಯ ಇಂಜಿನಿಯರ್, ದಿವಾನ.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯಿಂದ ಮುಂಬಯಿಗೆ ಹೋದವರು ನರಿಮನ್ ಪಾಯಿಂಟ್ ನೋಡಿರುತ್ತಾರೆ. ಅದೇ ಬ್ಯಾಕ್ ಬೇ ಕೊಲ್ಲಿಯನ್ನು ತುಂಬಿ ನೆಲ ಮಾಡುವ ಕೆಲಸಕ್ಕೆ 1920ರ ದಶಕದಲ್ಲಿ ಮುಂಬಯಿ ಸರಕಾರ ಕೈಹಾಕಿತ್ತು. ಸುರಿದ ಕೆಸರು ತಡೆಗೋಡೆಯ ಸಂದಿಯಿಂದ ಮರಳಿ ಸಮುದ್ರ ಸೇರತೊಡಗಿತು. ಖರ್ಚು ಮಾತ್ರ ಏರುತ್ತಲೇ ಹೋಯಿತು. ವಕೀಲ ಕೆ.ಎಫ್. ನರಿಮನ್ ಕೂಗೆಬ್ಬಿಸಿದರು. 1926ರಲ್ಲಿ ನೇಮಕವಾದ ವಿಚಾರಣಾ ಸಮಿತಿಯಲ್ಲಿ ವಿಶ್ವೇಶ್ವರಯ್ಯನವರೂ ಸದಸ್ಯರು. ತಾವು 24 ವರ್ಷ ದುಡಿದ ಸರಕಾರದ ಕೆಲಸವನ್ನೇ, ತಮ್ಮದೇ ವೃತ್ತಿಯವರ ಲೆಕ್ಕವನ್ನೇ ಒರೆಗೆ ಹಚ್ಚಬೇಕಿತ್ತು. ಒಂದೇ ಮನೆಯ ಅನ್ನ ಉಂಡವರು ಸಾಮಾನ್ಯವಾಗಿ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವುದೇ ಹೆಚ್ಚು. ವಿಚಾರಣೆಯ ನಂತರ ಯೋಜನೆಯನ್ನು ಮೊಟಕುಗೊಳಿಸಲಾಯಿತು.

ಬಿಹಾರದಲ್ಲಿ ಗಂಗಾನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂದು ತಕರಾರು ಎದ್ದಾಗಲೂ, 1952ರಲ್ಲಿ, ಅವರ ಸಲಹೆಯನ್ನೇ ಕೇಳಲಾಯಿತು. ಆಗ ಅವರಿಗೆ ತೊಂಬತ್ತು ದಾಟಿತ್ತು. ಕಾಗದ ನೋಡಿ ಸಹಿ ಹಾಕಬಹುದಿತ್ತು, ಆದರೆ ನದಿಯ ದಂಡೆಗೇ ಹೋಗಿ ಜಾಗ ನೋಡಿದರು. ಮೊಕಾಮಾ ಬಳಿಯ ಆ ಸೇತುವೆ 1959ರಲ್ಲಿ ಸಂಚಾರಕ್ಕೆ ತೆರೆಯಿತು. ಮೂರು ವರ್ಷದ ಬಳಿಕ, 1962ರಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.