ದುಡ್ಡು ಕೊಡೋಕೂ ಕಾಯ್ದವರು

ಸ್ಕಾಲರ್‌ಶಿಪ್ ಅಂದ್ರೆ ಕಾಯೋದು ಅನ್ನೋದು ನಮಗೆಲ್ಲ ಗೊತ್ತೇ ಇದೆ. ಪೋರ್ಟಲ್ ಓಪನ್ ಆಗ್ಲಿ ಅಂತ ಕಾಯ್ತೀವಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಲಿ ಕಾಯ್ತೀವಿ. ಆದ್ರೆ ದುಡ್ಡು ಕೊಡ್ತೀನಿ ಅಂದವರೇ ಐದೂವರೆ ವರ್ಷ ಕಾದು, ಕೊನೆಗೂ ಕಾಲೇಜಿನ ಒಂದು ಇಟ್ಟಿಗೇನೂ ನೋಡದೆ ತೀರಿಕೊಂಡ ಕಥೆ ಇದು. ಅವರು ಜಮ್ಶೆಟ್‌ಜಿ ಟಾಟಾ.

ಹುಟ್ಟಿದ್ದು 1839ರ ಮಾರ್ಚ್ 3ರಂದು, ಗುಜರಾತಿನ ನವಸಾರಿಯಲ್ಲಿ. ಪಾರ್ಸಿ ಪುರೋಹಿತರ ಮನೆತನ. ಅಪ್ಪ ನಸರ್‌ವಾನ್‌ಜಿ ಪೌರೋಹಿತ್ಯ ಬಿಟ್ಟು ಬೊಂಬಾಯಿಗೆ ವ್ಯಾಪಾರಕ್ಕೆ ಬಂದಿದ್ರು. ಮಗ ಅಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ಪಾಸಾದ್ರು. 1877ರಲ್ಲಿ ನಾಗಪುರದ ಎಂಪ್ರೆಸ್ ಮಿಲ್ ಶುರುವಾಯ್ತು. ಮಿಲ್ಲು, ಉಕ್ಕು, ತಾಜ್ ಹೋಟೆಲ್ ಕಥೆ ಎಲ್ಲರಿಗೂ ಗೊತ್ತು, ಬಿಡಿ.

ನಮ್ಮನ್ನ ಹಿಡಿದಿಟ್ಟಿದ್ದು 1892. ಆ ವರ್ಷ ಅವರು ಒಂದು ನಿಧಿ ಮಾಡಿದ್ರು: ಭಾರತದ ಹುಡುಗ ಹುಡುಗಿಯರು ವಿದೇಶಕ್ಕೆ ಹೋಗಿ ಓದೋಕೆ. ವಿಶೇಷ ಏನಂದ್ರೆ, ಆ ದುಡ್ಡು ಪುಕ್ಕಟೆ ಅಲ್ಲ, ಸಾಲ. ಓದಿ, ಕೆಲಸ ಹಿಡಿದು, ಸಂಪಾದನೆ ಶುರುವಾದ ಮೇಲೆ ವಾಪಸ್ ಕೊಡಬೇಕು. ಆ ದುಡ್ಡಲ್ಲಿ ಮುಂದಿನವರು ಹೋಗ್ತಾರೆ. ಇಷ್ಟೊಂದು ಶ್ರೀಮಂತರು ಸುಮ್ನೆ ಕೊಡಬಹುದಿತ್ತಲ್ವಾ ಅಂತ ನಮ್ಮಲ್ಲೇ ಒಂದು ಗಂಟೆ ವಾದ ನಡೀತು. ಒಮ್ಮೆ ದಾನ ಕೊಟ್ರೆ ಒಬ್ಬರಿಗೆ ಮುಗೀತು, ಸಾಲ ಕೊಟ್ರೆ ಅದೇ ದುಡ್ಡು ಸುತ್ತುತ್ತೆ ಅನ್ನೋದು ಒಂದು ಪಕ್ಷ. ಸಾಲ ಅಂದ್ರೆ ಹೆದರಿ ಅರ್ಜಿನೇ ಹಾಕದವರ ಗತಿ ಏನು ಅನ್ನೋದು ಇನ್ನೊಂದು. ವಾದ ಇನ್ನೂ ಮುಗಿದಿಲ್ಲ. ಆದ್ರೆ ನಮ್ಮ ರಾಜಾ ರಾಮಣ್ಣ ಲಂಡನ್ನಿನಲ್ಲಿ ಪಿಎಚ್‌ಡಿ ಮಾಡಿದ್ದು ಟಾಟಾ ಸ್ಕಾಲರ್ ಆಗಿಯೇ.

ಎಲ್ಲರನ್ನೂ ಹಡಗು ಹತ್ತಿಸೋಕಾಗಲ್ಲ, ಸಂಶೋಧನೆ ಇಲ್ಲೇ ನಡೀಬೇಕು. ಹಾಗಾಗಿ ಬುರ್ಜೋರ್‌ಜಿ ಪಾದಶಾ ಅನ್ನೋರನ್ನ ಯೂರೋಪು, ಅಮೆರಿಕದ ವಿಶ್ವವಿದ್ಯಾಲಯಗಳನ್ನ ನೋಡಿ ಬರೋಕೆ ಕಳಿಸಿದ್ರು. 1898ರಲ್ಲಿ ತಮ್ಮ ಆಸ್ತಿಯ ಅರ್ಧದಷ್ಟನ್ನ, ಅಂದ್ರೆ ಆಗಿನ 30 ಲಕ್ಷ ರೂಪಾಯಿ ಬೆಲೆಯ ಕಟ್ಟಡ, ಜಮೀನುಗಳನ್ನ ಕೊಡ್ತೀನಿ ಅಂತ ಘೋಷಿಸಿದ್ರು. ಅದೇ ಡಿಸೆಂಬರ್ ಕೊನೆಗೆ ಹೊಸ ವೈಸ್‌ರಾಯ್ ಕರ್ಜನ್ ಬೊಂಬಾಯಿಗೆ ಬಂದಿಳಿದರು. ಮಾರನೇ ದಿನವೇ ಯೋಜನೆ ಹಿಡ್ಕೊಂಡು ಒಂದು ನಿಯೋಗ ಹೋಯ್ತು.

ಕರ್ಜನ್‌ಗೆ ಅನುಮಾನ. ಇಷ್ಟು ಮೇಲ್ಮಟ್ಟದ ಓದಿಗೆ ಇಲ್ಲಿ ಹುಡುಗರು ಸಿಗ್ತಾರಾ? ಓದಿದ ಮೇಲೆ ಕೆಲಸ ಎಲ್ಲಿದೆ? (ಎರಡನೇ ಪ್ರಶ್ನೇನ ಮದುವೆ ಮನೆಗಳಲ್ಲಿ ನಾವು ಈಗ್ಲೂ ಕೇಳಿಸ್ಕೊಳ್ತೀವಿ.) ಆಮೇಲೆ ಶುರುವಾಯ್ತು ಕಮಿಟಿಗಳ ಮೆರವಣಿಗೆ. ಆರ್ಗಾನ್, ನಿಯಾನ್ ಕಂಡುಹಿಡಿದವರಲ್ಲಿ ಒಬ್ಬರಾದ ವಿಲಿಯಂ ರ‍್ಯಾಮ್ಸೆ ಬಂದು ದೇಶ ಸುತ್ತಿ, ಬೆಂಗಳೂರೇ ಸರಿ ಅಂದ್ರು. ಅವರ ಲೆಕ್ಕ ಸರ್ಕಾರಕ್ಕೆ ದುಬಾರಿ ಅನ್ನಿಸ್ತು. ಇನ್ನೊಂದು ಕಮಿಟಿ ಬಂತು, ಯೋಜನೆ ಚಿಕ್ಕದಾಯ್ತು. ಕೊಡೋರು ಕೈ ಚಾಚಿಕೊಂಡೇ ನಿಂತಿದ್ರು, ತಗೊಳ್ಳೋರು ಫೈಲ್ ತಿರುವಿ ಹಾಕ್ತಾ ಇದ್ರು.

ಈ ನಡುವೆ ಹೂಂ ಅಂದಿದ್ದು ನಮ್ಮ ಮೈಸೂರು ಸಂಸ್ಥಾನ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ ಮಾತಾಗಿ, ಕೊನೆಗೆ 371 ಎಕರೆ ಜಾಗ ಮತ್ತು ನೆರವಿನ ದುಡ್ಡು ಸಂಸ್ಥಾನದಿಂದ ಬಂತು. ಬರೀ ಟಾಟಾ ದುಡ್ಡಿಂದ ಇದು ಆಗಿಲ್ಲ, ಇದನ್ನ ನಾವು ಒತ್ತಿ ಹೇಳ್ಬೇಕು.

1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಜಮ್ಶೆಟ್‌ಜಿ ತೀರಿಕೊಂಡ್ರು. ಆಗಿನ್ನೂ ಒಪ್ಪಿಗೆ ಪೂರ್ತಿ ಸಿಕ್ಕಿರಲಿಲ್ಲ. ಅಪ್ಪ ಹೋದ್ರು, ಆಸ್ತಿ ನಮ್ಮದೇ ಅಂತ ಮಕ್ಕಳು ಸುಮ್ನಿರಬಹುದಿತ್ತು. ದೊರಾಬ್‌ಜಿ, ರತನ್‌ಜಿ ಹಾಗೆ ಮಾಡ್ಲಿಲ್ಲ. 1909ರಲ್ಲಿ ಸರ್ಕಾರದ ಆದೇಶ ಬಂತು, 1911ರಲ್ಲಿ ಮೊದಲ ಬ್ಯಾಚ್. ಶುರುವಾಗಿದ್ದು ಕೆಮಿಸ್ಟ್ರಿ ಮತ್ತು ಎಲೆಕ್ಟ್ರಿಕಲ್ ವಿಭಾಗಗಳು. ಇಇ ಬ್ರ್ಯಾಂಚಿನವರು ಕಾಲರ್ ಎತ್ಕೋಬಹುದು. ತಮ್ಮ ಹೆಸರಿಡೋದು ಬೇಡ ಅಂದಿದ್ರಂತ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಅನ್ನೋ ಹೆಸರು ಬಂತು. ಬೆಂಗಳೂರಿನವರು ಅದನ್ನೇನು ಕೇಳ್ತಾರೆ, ಟಾಟಾ ಇನ್‌ಸ್ಟಿಟ್ಯೂಟ್ ಅಂತಾನೇ ಕರೆದ್ರು.

1892ರ ನಿಧಿ ಇವತ್ತಿಗೂ ನಡೀತಿದೆ, ಈಗ್ಲೂ ಸಾಲದ ಲೆಕ್ಕದಲ್ಲೇ. ಎಂಎಸ್‌ಗೆ ಹೋಗ್ಬೇಕು ಅಂತಿರೋ ಫೈನಲ್ ಇಯರ್ ಅಕ್ಕ, ಅಣ್ಣಂದಿರು ಒಮ್ಮೆ ನೋಡಿಟ್ಕೊಳ್ಳಿ.