ಲಾರ್ಡ್ ರಾಸ್: ಆಕಾಶದ ಸುರುಳಿಯನ್ನು ಮೊದಲು ಕಂಡವರು

ಈ ಸಲ ಗೋಡೆ ಪತ್ರಿಕೆಗೆ ಮಹನೀಯರ ಪರಿಚಯ ಬರೆಯುವ ಸರದಿ ನನ್ನದು. ನಾನು ಲಾರ್ಡ್ ರಾಸ್ ಅವರ ಬಗ್ಗೆ ಬರೆಯುತ್ತೇನೆ. ಅವರನ್ನೇ ಯಾಕೆ ಆರಿಸಿಕೊಂಡೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಇವರ ಹೆಸರು ವಿಲಿಯಂ ಪಾರ್ಸನ್ಸ್. 1800ನೇ ಇಸವಿ ಜೂನ್ 17ರಂದು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹುಟ್ಟಿದರು. ಐರ್ಲೆಂಡ್ ದೇಶದ ಬರ್ ಎಂಬ ಸಣ್ಣ ಊರಲ್ಲಿ ಅವರ ಮನೆತನದ ಕೋಟೆ ಇತ್ತು. ಡಬ್ಲಿನ್ ಮತ್ತು ಆಕ್ಸ್‌ಫರ್ಡಿನಲ್ಲಿ ಓದಿ ಗಣಿತದಲ್ಲಿ ಮೊದಲ ದರ್ಜೆ ಪಡೆದರು. 1841ರಲ್ಲಿ ತಂದೆ ತೀರಿಕೊಂಡ ಮೇಲೆ ಲಾರ್ಡ್ ರಾಸ್ ಎಂಬ ಪದವಿ ಬಂತು. ದೊಡ್ಡ ಜಮೀನ್ದಾರರು, ಕೂತು ಉಣ್ಣಬಹುದಿತ್ತು. ಆದರೆ ಅವರು ಕುಲುಮೆ ಹಾಕಿಸಿ ಲೋಹ ಕಾಯಿಸಲು ನಿಂತರು!

ಯಾಕೆ ಗೊತ್ತಾ? ಆಕಾಶದಲ್ಲಿ ಅಲ್ಲಲ್ಲಿ ಹತ್ತಿಯ ಎಳೆಯಂತೆ ಮಬ್ಬಾಗಿ ಕಾಣುವ ನೀಹಾರಿಕೆಗಳಿವೆ. ಅವು ಬರೀ ಅನಿಲವೋ, ಇಲ್ಲ ತುಂಬಾ ದೂರದ ನಕ್ಷತ್ರಗಳ ಗುಂಪೋ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯಬೇಕಾದರೆ ದೊಡ್ಡ ದೂರದರ್ಶಕ ಬೇಕು. ಅಷ್ಟು ದೊಡ್ಡದು ಎಲ್ಲೂ ಸಿಗುತ್ತಿರಲಿಲ್ಲ. ಅದಕ್ಕೆ ತಾವೇ ಮಾಡಲು ಹೊರಟರು.

ಆಗ ದೂರದರ್ಶಕದ ಕನ್ನಡಿಯನ್ನು ಲೋಹದಿಂದ ಮಾಡುತ್ತಿದ್ದರು. ನಮ್ಮ ಗುಡಿಯ ಗಂಟೆಯ ಕಂಚಿನ ಹಾಗೆ ಇದಕ್ಕೂ ತಾಮ್ರ ಮತ್ತು ತವರ ಬೇಕು. ಆದರೆ ತವರ ಜಾಸ್ತಿ, ಸುಮಾರು ಮೂರರಲ್ಲಿ ಒಂದು ಪಾಲು. ತವರ ಹೆಚ್ಚಾದರೆ ಹೊಳಪು ಬರುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಊರಿನ ಕೆಲಸಗಾರರಿಗೆ ತಾವೇ ಕಲಿಸಿ 1842ರಲ್ಲಿ ಎರಕ ಹೊಯ್ಯಿಸಿದರು. ಕನ್ನಡಿಯ ಅಗಲ 6 ಅಡಿ, ತೂಕ ಸುಮಾರು 3 ಟನ್. ಬಿರುಕು ಬಿಡದಿರಲಿ ಎಂದು ಒಲೆಯೊಳಗೇ ಇಟ್ಟು ನಿಧಾನವಾಗಿ ತಣಿಸಬೇಕಿತ್ತು. ಆದರೂ ಕೆಲವು ಒಡೆದವು. ಮತ್ತೆ ಎರಕ, ಮತ್ತೆ ಕಾಯುವುದು. ಕೊನೆಗೆ ಎರಡು ಕನ್ನಡಿ ಸರಿಬಂದವು. ಹೊಳಪು ಮಾಸಿದಾಗ ಒಂದನ್ನು ತೆಗೆದು ಇನ್ನೊಂದನ್ನು ಇಡುತ್ತಿದ್ದರು.

ಕೊಳವೆಯ ಉದ್ದ 50 ಅಡಿಗೂ ಹೆಚ್ಚು. ಒಬ್ಬ ಪಾದ್ರಿ ಕೊಡೆ ಬಿಚ್ಚಿಕೊಂಡೇ ಅದರೊಳಗೆ ನಡೆದು ಹೋದರಂತೆ! ಎರಡು ದೊಡ್ಡ ಕಲ್ಲುಗೋಡೆಗಳ ನಡುವೆ ಅದನ್ನು ಸರಪಳಿಯಿಂದ ಎತ್ತಿ ಇಳಿಸುತ್ತಿದ್ದರು. ಮೋಡ ಜಾಸ್ತಿ ಇರುವ ದೇಶ ಬೇರೆ, ಆಕಾಶ ತಿಳಿಯಾಗುವ ತನಕ ಕಾಯಬೇಕಿತ್ತು.

1845ರ ವಸಂತದಲ್ಲಿ ಅವರು ಎಂ 51 ಎಂಬ ನೀಹಾರಿಕೆಯನ್ನು ನೋಡಿದರು. ಅದು ಹೊಳೆಯ ಸುಳಿಯ ಹಾಗೆ ಸುತ್ತಿಕೊಂಡಿತ್ತು! ಅಂಥ ಆಕಾರವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಆಗ ನೀಹಾರಿಕೆಗಳ ಫೋಟೋ ತೆಗೆಯಲು ಆಗುತ್ತಿರಲಿಲ್ಲ. ಕಣ್ಣಿಗೆ ಕಂಡದ್ದನ್ನು ಕೈಯಿಂದಲೇ ಬರೆದರು.

ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಭೀಕರ ಕ್ಷಾಮ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಲಾರ್ಡ್ ರಾಸ್ ದೂರದರ್ಶಕದ ಕೆಲಸವನ್ನು ಬದಿಗಿಟ್ಟು ಪರಿಹಾರದ ಕೆಲಸಕ್ಕೆ ಹೋಗಬೇಕಾಯಿತು. 1848ರಲ್ಲಿ ಮತ್ತೆ ನೋಡಲು ತೊಡಗಿದರು.

ಇಷ್ಟೆಲ್ಲ ಮಾಡಿದವರೂ ಒಂದು ವಿಷಯದಲ್ಲಿ ತಪ್ಪಿದರು. ಎಲ್ಲ ನೀಹಾರಿಕೆಗಳೂ ನಕ್ಷತ್ರಗಳ ಗುಂಪೇ ಇರಬೇಕು ಎಂದು ಅವರು ನಂಬಿದ್ದರು. 1864ರಲ್ಲಿ ವಿಲಿಯಂ ಹಗಿನ್ಸ್ ಎಂಬುವರು ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿ, ಕೆಲವು ನೀಹಾರಿಕೆಗಳು ನಿಜವಾಗಿ ಅನಿಲವೇ ಎಂದು ತೋರಿಸಿದರು.

ಈಗ ನಮಗೆ ಗೊತ್ತಿರುವುದು ಇದು. ಎಂ 51 ನಮ್ಮ ಆಕಾಶಗಂಗೆಯ ಹಾಗೆ ಇನ್ನೊಂದು ಗ್ಯಾಲಕ್ಸಿ, 2 ಕೋಟಿ ಜ್ಯೋತಿರ್ವರ್ಷಕ್ಕೂ ದೂರ. ಅದರಲ್ಲಿ ನಕ್ಷತ್ರವೂ ಇದೆ, ಅನಿಲವೂ ಇದೆ. ಸುರುಳಿಯ ತೋಳಿನಲ್ಲಿ ಜಲಜನಕದ ಮೋಡಗಳು ಒತ್ತೊತ್ತಾಗಿ ಸೇರಿ ಹೊಸ ನಕ್ಷತ್ರಗಳು ಹುಟ್ಟುತ್ತವೆ. ಹುಟ್ಟಿದ ನಕ್ಷತ್ರ ಸುಮ್ಮನಿರುವುದಿಲ್ಲ. ದೊಡ್ಡ ನಕ್ಷತ್ರಗಳು ತಮ್ಮ ಬೆಳಕು ಮತ್ತು ಗಾಳಿಯಿಂದ ಸುತ್ತಲಿನ ಅನಿಲವನ್ನು ಕಾಯಿಸಿ ದೂರ ತಳ್ಳುತ್ತವೆ. ಬೇಗ ಉರಿದು ಕೊನೆಗೆ ಸಿಡಿಯುತ್ತವೆ. ಆಗ ಅನಿಲದಲ್ಲಿ ಸೋಪಿನ ಗುಳ್ಳೆಯಂಥ ಗುಳ್ಳೆಗಳಾಗುತ್ತವೆ. ಗುಳ್ಳೆಯ ಅಂಚಿನಲ್ಲಿ ಅನಿಲ ಒತ್ತಿಕೊಂಡು ಕೆಲವು ಕಡೆ ಮತ್ತೆ ನಕ್ಷತ್ರ ಹುಟ್ಟುತ್ತದೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಎಂ 51ರ ಚಿತ್ರ ತೆಗೆದಾಗ ಸುರುಳಿಯೊಳಗಿನ ಅನಿಲ, ದೂಳು ಮತ್ತು ಗುಳ್ಳೆಗಳು ಚೆನ್ನಾಗಿ ಕಂಡವು.

ಇನ್ನೊಂದು ಆಶ್ಚರ್ಯ ಕೇಳಿ. ಲಾರ್ಡ್ ರಾಸ್ ಅದಕ್ಕೂ ಮೊದಲು ಒಂದು ನೀಹಾರಿಕೆಯ ಚಿತ್ರ ಬರೆದಿದ್ದರು. ಅದು ಏಡಿಯ ಹಾಗೆ ಕಂಡದ್ದರಿಂದ ಏಡಿ ನೀಹಾರಿಕೆ ಎಂಬ ಹೆಸರು ಬಂತು. ಅದು 1054ರಲ್ಲಿ ಸಿಡಿದದ್ದು ಕಾಣಿಸಿದ ಒಂದು ನಕ್ಷತ್ರದ ಅನಿಲ. ಈಗಲೂ ಸೆಕೆಂಡಿಗೆ ಸುಮಾರು 1500 ಕಿಲೋಮೀಟರ್ ವೇಗದಲ್ಲಿ ಹರಡುತ್ತಿದೆ. ಅಂದರೆ ನಕ್ಷತ್ರ ಅನಿಲವನ್ನು ತಳ್ಳುವುದನ್ನೂ ಅವರು ನೋಡಿದ್ದರು, ಸುರುಳಿಯನ್ನೂ ನೋಡಿದ್ದರು. ಎರಡಕ್ಕೂ ಸಂಬಂಧ ಇದೆ ಅಂತ ಮಾತ್ರ ಆಗ ತಿಳಿಯುವಂತಿರಲಿಲ್ಲ.

1867ರ ಅಕ್ಟೋಬರ್ 31ರಂದು ಲಾರ್ಡ್ ರಾಸ್ ತೀರಿಕೊಂಡರು. ಅವರ ದೂರದರ್ಶಕಕ್ಕಿಂತ ದೊಡ್ಡದು ಬಂದದ್ದು 1917ರಲ್ಲಿ, ಅಮೆರಿಕದಲ್ಲಿ.

ಈಗ ನನ್ನ ವಿಷಯ. ಹೋದ ತಿಂಗಳು ನಮ್ಮ ವಿಜ್ಞಾನದ ಮೇಷ್ಟ್ರು ಒಂದು ವಾರ ದಿನಾ ಚಂದ್ರನನ್ನು ನೋಡಿ ಚಿತ್ರ ಬರೆಯಲು ಹೇಳಿದ್ದರು. ನಾನು ಎರಡು ದಿನ ನೋಡಿ, ಉಳಿದದ್ದನ್ನು ಪುಸ್ತಕ ನೋಡಿ ಬರೆದುಬಿಟ್ಟೆ. ಮೋಡ ಕವಿದು ಮಳೆ ಬಂದ ರಾತ್ರಿಯೂ ನನ್ನ ಪಟ್ಟಿಯಲ್ಲಿ ಚಂದ್ರ ಇದ್ದ! ಮೇಷ್ಟ್ರು ಬೈಯಲಿಲ್ಲ. ಲಾರ್ಡ್ ರಾಸ್ ಬರೆದ ಸುರುಳಿಯ ಚಿತ್ರವನ್ನೂ ಈಗಿನ ಫೋಟೋವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಎರಡೂ ಎಷ್ಟು ಹೋಲುತ್ತವೆ ಗೊತ್ತಾ! ಅವರು ನಂಬಿದ್ದರಲ್ಲಿ ತಪ್ಪಿತ್ತು, ಆದರೆ ನೋಡಿ ಬರೆದ ಚಿತ್ರ ಇವತ್ತಿಗೂ ನಿಂತಿದೆ. ನನಗೆ ಬಹಳ ನಾಚಿಕೆಯಾಯಿತು.

ಈ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಮೊದಲಿಂದ ಚಂದ್ರನ ಚಿತ್ರ ಬರೆಯುತ್ತೇನೆ. ಮೋಡ ಇದ್ದ ದಿನ ಮೋಡ ಅಂತಲೇ ಬರೆಯುತ್ತೇನೆ. ಇಷ್ಟ ಇದ್ದವರು ನನ್ನ ಜೊತೆ ಬನ್ನಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ